ಗುರುವಾರದ ಡಬಲ್ ಡ್ಯೂಟಿ

ಗುರುವಾರ ನನಗೆ ಡಬಲ್ ಡ್ಯೂಟಿ. ಬೆಳಿಗ್ಗೆ ಆರಕ್ಕೆ ಒಳಗೆ ಹೋದರೆ ರಾತ್ರಿ ಹತ್ತಕ್ಕೆ ಹೊರಗೆ. ಫೋನು ಲಾಕರಿನಲ್ಲಿ. ಮಧ್ಯೆ ಊಟಕ್ಕೆ ಅರ್ಧ ಗಂಟೆ ಸಿಕ್ಕರೆ ಅದೇ ಪುಣ್ಯ. ಎರಡು ವರ್ಷದಿಂದ ನಮ್ಮ ಮನೆಯವರೆಲ್ಲ ನಂಬಿಕೊಂಡು ಬಂದಿರುವುದು ಇದನ್ನೇ. ನಿಜ ಹೇಳಬೇಕೆಂದರೆ ಗುರುವಾರ ನಾನು ಏಳುವುದೇ ಒಂಬತ್ತು ಗಂಟೆಗೆ.

ಎದ್ದ ಮೇಲೂ ಹಾಸಿಗೆ ಬಿಡುವುದಿಲ್ಲ. ಚಾದರ ಮುದ್ದೆಯಾಗಿ ಕಾಲ ಬಳಿ ಬಿದ್ದಿರುತ್ತದೆ. ಬಿದ್ದಿರಲಿ ಎಂದು ಅದನ್ನು ನೋಡುತ್ತ ಮಲಗಿರುವುದೇ ಒಂದು ಸುಖ. ಯಾಕೆಂದರೆ ನನ್ನ ಕೆಲಸವೇ ಚಾದರ ಮಡಚುವುದು. ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಬಟ್ಟೆ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ವಾರ್ಡುಗಳಿಗೆ ಕಳಿಸುವ ವಿಭಾಗ. ಇಸ್ತ್ರಿಯ ಉರುಳೆಯಿಂದ ಚಾದರ ಬಿಸಿಬಿಸಿಯಾಗಿ ಹೊರಗೆ ಬರುತ್ತದೆ. ಆ ಕಡೆಯ ಎರಡು ಮೂಲೆ ನನ್ನ ಜೊತೆ ಕೆಲಸ ಮಾಡುವ ಎತ್ತರದವಳೊಬ್ಬಳ ಕೈಗೆ, ಈ ಕಡೆಯ ಎರಡು ಮೂಲೆ ನನ್ನ ಕೈಗೆ. ಮೂರು ಹೆಜ್ಜೆ ಅವಳು ಮುಂದೆ ಬರುತ್ತಾಳೆ, ಮೂರು ಹೆಜ್ಜೆ ನಾನು. ಮೂಲೆಗೆ ಮೂಲೆ ಸೇರಿಸಿ, ಮಡಚಿ, ಮತ್ತೆ ಹಿಂದಕ್ಕೆ. ಹತ್ತು ಚಾದರಕ್ಕೆ ಒಂದು ಕಟ್ಟು. ಎತ್ತರದವಳೂ ನನ್ನ ಹಾಗೆ ಬೇರೆ ದೇಶದಿಂದ ಬಂದವಳು, ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು. ದಿನಕ್ಕೆ ನಾನೂರು ಸಲ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು ಮಾತಿಲ್ಲದೆ ಹಿಂದೆ ಸರಿಯುತ್ತೇವೆ. ಗಂಡ ಹೆಂಡತಿಯೂ ಇಷ್ಟು ಸಲ ಹತ್ತಿರ ಬರಲಾರರು. ನನಗೆ ಮದುವೆಯಾಗಿಲ್ಲವಾದ್ದರಿಂದ ಇದು ಅಂದಾಜಿನ ಮಾತು.

ಹನ್ನೊಂದು ವರ್ಷದ ಈ ಕೆಲಸದಲ್ಲಿ ನನ್ನ ಮಣಿಕಟ್ಟು, ಭುಜ, ಸೊಂಟ ಒಂದೊಂದಾಗಿ ರಾಜೀನಾಮೆ ಕೊಡುತ್ತ ಬಂದಿವೆ. ಅದನ್ನಾದರೂ ತಡೆದುಕೊಳ್ಳಬಹುದು. ಕೆಲಸ ಮುಗಿಸಿ ಕೋಣೆಗೆ ಬಂದು ಶೂ ಬಿಚ್ಚುವ ಮೊದಲೇ ಶುರುವಾಗುವ ಎರಡನೇ ಪಾಳಿ ಇದೆಯಲ್ಲ, ಅದೇ ಕಷ್ಟ. ಅದು ಫೋನಿನ ಪಾಳಿ.

ನಾನು ಮನೆಗೆ ದೊಡ್ಡವಳು. ಅಪ್ಪ ಹೋದಾಗ ತಮ್ಮನಿಗೆ ಆರು ವರ್ಷ, ತಂಗಿಗೆ ನಾಲ್ಕು, ನನಗೆ ಒಂಬತ್ತು. ಆಗಿನಿಂದ ನಮ್ಮ ಮನೆಯಲ್ಲಿ ಯಾವ ಪ್ರಶ್ನೆ ಹುಟ್ಟಿದರೂ ಅದು ನೆಟ್ಟಗೆ ನನ್ನ ಹತ್ತಿರ ಬರುತ್ತದೆ. ನಡುವೆ ಸಮುದ್ರ ಬಂದರೂ ಅದಕ್ಕೆ ದಾರಿ ತಪ್ಪಲಿಲ್ಲ. "ಅಕ್ಕಾ, ಗ್ಯಾಸ್ ಪುಸ್ತಕ ಎಲ್ಲಿದೆ?" ಎಂದು ತಮ್ಮ ವಿಡಿಯೋ ಕಾಲ್ ಮಾಡಿ ಕೇಳುತ್ತಾನೆ. ಅವನು ನಿಂತಿರುವುದು ಆ ಪುಸ್ತಕ ಇರುವ ಬೀರುವಿನ ಮುಂದೆ. ದುಃಖದ ವಿಷಯವೆಂದರೆ ಅದು ಯಾವ ಅರೆಯಲ್ಲಿ, ಯಾವ ಸೀರೆಯ ಕೆಳಗಿದೆ ಎಂಬುದು ನನಗೆ ಗೊತ್ತಿರುತ್ತದೆ. ಅವನ ಹೆಂಡತಿ ಅವನ ಮೇಲಿನ ದೂರನ್ನು ನನಗೆ ಹೇಳುತ್ತಾಳೆ. ಅವಳ ಮೇಲಿನ ದೂರನ್ನು ಅವನು ಹೇಳುತ್ತಾನೆ. ಇಬ್ಬರೂ ಒಂದೇ ಮಂಚದ ಎರಡು ತುದಿಯಲ್ಲಿ ಕೂತು ಎರಡು ಫೋನಿನಿಂದ ಒಟ್ಟಿಗೇ ಕರೆ ಮಾಡಿದ್ದೂ ಉಂಟು. ತಂಗಿಗೆ ಬೇರೆ ಊರಿನಲ್ಲಿ ಬೇರೆ ಸಂಸಾರ, ಬೇರೆ ದೂರು. ಇವರೆಲ್ಲ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಫೋನು ಕುಕ್ಕಿ ಮಲಗಬಹುದಿತ್ತು.

ಎರಡು ವರ್ಷದ ಹಿಂದೆ ಆಸ್ಪತ್ರೆಯವರು ಪಾಳಿಯ ಪಟ್ಟಿ ಬದಲಾಯಿಸಿದರು. ಭಾನುವಾರದ ಜೊತೆ ಗುರುವಾರವೂ ರಜೆ ಎಂದಾಯಿತು. ಆ ಸಂತೋಷದ ಸುದ್ದಿ ಹೇಳೋಣ ಎಂದೇ ಮನೆಗೆ ಫೋನು ಮಾಡಿದೆ, ದೇವರಾಣೆ. ಆದರೆ ಅಲ್ಲಿ ಬಾಗಿಲಿಗೆ ಯಾವ ಬಣ್ಣ ಬಳಿಯಬೇಕೆಂದು ಯುದ್ಧ ನಡೆದಿತ್ತು.

"ಅಕ್ಕಾ, ಬಣ್ಣದವನು ಗುರುವಾರ ಬರ್ತಾನೆ. ಅವತ್ತು ಪೂರ್ತಿ ನೀನು ಫೋನಲ್ಲೇ ಇರ್ಬೇಕು. ನೀನು ನೋಡಿ ಹೇಳದೆ ಇವಳು ಒಪ್ಪಲ್ಲ" ಎಂದ ತಮ್ಮ.

"ಗುರುವಾರ ಆಗಲ್ಲ ಕಣೋ. ಇನ್ಮೇಲೆ ಗುರುವಾರ ನಂಗೆ ಡಬಲ್ ಡ್ಯೂಟಿ" ಎಂದೆ.

ಎಲ್ಲಿಂದ ಬಂತೋ ಆ ಮಾತು, ಬಾಯಿ ಮುಚ್ಚುವುದರೊಳಗೆ ಹೊರಗೆ ಬಿದ್ದಿತ್ತು. ಅಮ್ಮ ಫೋನು ತೆಗೆದುಕೊಂಡಳು. "ಡಬಲ್ಲಾ? ಪ್ರತಿ ವಾರಾನಾ?" ಎಂದು ಕೇಳಿದಳು. ಹೂಂ ಅಂದೆ. ಡಬಲ್ ಇದ್ದ ದಿನ ಫೋನು ಲಾಕರಿನಲ್ಲಿಡಬೇಕು, ಇಡೀ ದಿನ ಸಿಗುವುದಿಲ್ಲ ಎಂದೂ ಸೇರಿಸಿದೆ. ಒಂದು ಸುಳ್ಳು ಹುಟ್ಟಿದ ಮೇಲೆ ಅದಕ್ಕೆ ಬಟ್ಟೆಬರೆ ತೊಡಿಸಬೇಕಲ್ಲ. ಅಮ್ಮ ಮನೆಯವರ ಕಡೆ ತಿರುಗಿ, "ಕೇಳಿಸ್ತಾ? ಗುರುವಾರ ಯಾರೂ ಇವಳಿಗೆ ಫೋನ್ ಮಾಡೋ ಹಾಗಿಲ್ಲ" ಎಂದು ಗಟ್ಟಿಯಾಗಿ ಹೇಳಿದಳು. ಅಂದಿನಿಂದ ಯಾರೂ ಮಾಡಿಲ್ಲ. ಬಾಗಿಲಿಗೆ ನೀಲಿ ಬಂತು.

ಬುಧವಾರ ಸಂಜೆ ಫೋನಿಡುವ ಮುಂಚೆ ಅಮ್ಮ ತಪ್ಪದೆ ಒಂದು ಮಾತು ಹೇಳುತ್ತಾಳೆ. "ನಾಳೆ ಹುಷಾರು ಕಣೆ. ಡಬಲ್ ಅಂತ ನಿಂತೇ ಇರ್ಬೇಡ. ಸಿಕ್ಕಾಗ ಕೂತ್ಕೋ." ಶುಕ್ರವಾರ ಸಂಜೆ ಕೇಳುತ್ತಾಳೆ, "ನಿನ್ನೆ ಹೇಗಿತ್ತು?" ನಾನು ದನಿಯನ್ನು ಎಳೆದು, "ಸಾಕಾಯ್ತಮ್ಮ" ಎನ್ನುತ್ತೇನೆ. ನಾಟಕ ಕಂಪನಿಯಲ್ಲಿದ್ದರೆ ಬಹುಮಾನ ಕೊಡುತ್ತಿದ್ದರು. ಬುಧವಾರ ನಾಚಿಕೆ, ಶುಕ್ರವಾರ ನಾಚಿಕೆ, ನಡುವೆ ಗುರುವಾರ ಮಾತ್ರ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ.

ನನ್ನ ಹಾಲು ಯಾವುದೆಂದು ಹೇಳಿದರೆ ನೀವು ನಗುತ್ತೀರಿ. ಸಿನಿಮಾ ಇಲ್ಲ, ಹೋಟೆಲು ಇಲ್ಲ, ಗೆಳತಿಯರಿಲ್ಲ. ಅನ್ನವನ್ನು ಪಾತ್ರೆಯಿಂದಲೇ ತಿನ್ನುತ್ತೇನೆ. ತಲೆಗೆ ಎಣ್ಣೆ ಹಚ್ಚಿಕೊಂಡು ಅದರ ಮೇಲೆ ಟೋಪಿ ಹಾಕಿಕೊಳ್ಳುತ್ತೇನೆ. ಆಮೇಲೆ ಬಸ್ಸು ಹಿಡಿದು ಕೊನೆಯ ನಿಲ್ದಾಣದಲ್ಲಿರುವ ದೊಡ್ಡ ಪೀಠೋಪಕರಣದ ಅಂಗಡಿಗೆ ಹೋಗುತ್ತೇನೆ.

ಆ ಅಂಗಡಿಯ ಎರಡನೇ ಮಹಡಿಯಲ್ಲಿ ಮನೆಯ ಕೋಣೆಗಳ ಹಾಗೆಯೇ ಸಾಲಾಗಿ ಕೋಣೆಗಳನ್ನು ಜೋಡಿಸಿಟ್ಟಿದ್ದಾರೆ. ಮೂರು ಗೋಡೆ, ನಾಲ್ಕನೆಯ ಕಡೆ ಗಿರಾಕಿಗಳು ಓಡಾಡುವ ದಾರಿ. ಏಳನೆಯ ಕೋಣೆ ನನ್ನದು. ಜೋಡಿ ಮಂಚ, ಬೀರು, ಓದುವ ದೀಪ, ಕಿಟಕಿಯ ಪಕ್ಕ ಅಗಲ ಕೈಯ ಒಂದು ಕುರ್ಚಿ. ಕಿಟಕಿ ನಿಜದ್ದಲ್ಲ. ತೆಳು ಪರದೆಯ ಹಿಂದೆ ಟ್ಯೂಬ್‌ಲೈಟು ಇಟ್ಟಿದ್ದಾರೆ. ಹೊರಗೆ ಏನೇ ಇರಲಿ, ಏಳನೆಯ ಕೋಣೆಯಲ್ಲಿ ಯಾವಾಗಲೂ ಬೆಳಿಗ್ಗೆ ಹತ್ತು ಗಂಟೆಯ ಬೆಳಕು. ಕಪಾಟಿನ ಪುಸ್ತಕಗಳು ಬರೀ ರಟ್ಟು, ಒಳಗೆ ಹಾಳೆಯಿಲ್ಲ. ಮೇಜಿನ ಮೇಲಿನ ಫೋನು ಪ್ಲಾಸ್ಟಿಕ್ಕಿನದು. ಅದು ಬಡಿದುಕೊಳ್ಳುವುದಿಲ್ಲ. ನನಗೆ ಆ ಕೋಣೆ ಹಿಡಿಸಿದ್ದೇ ಆ ಫೋನಿನಿಂದ.

ಆ ಕುರ್ಚಿಯಲ್ಲಿ ಶೂ ಬಿಚ್ಚಿ, ಕಾಲು ಚಾಚಿ, ಎರಡು ಮೂರು ಗಂಟೆ ಕೂರುತ್ತೇನೆ. ಏನೂ ಮಾಡುವುದಿಲ್ಲ. ಎದುರಿನ ಮಂಚದ ಚಾದರ ಹಾಸಿದವಳು ನಾನಲ್ಲ. ಒಂದು ದಿನ ಅದರ ಮೂಲೆ ಸರಿಯಾಗಿ ಸಿಗಿಸದೆ ಜೋತಾಡುತ್ತಿತ್ತು. ಕೈ ತಾನಾಗಿಯೇ ಮುಂದೆ ಹೋಯಿತು. ಹಿಂದಕ್ಕೆ ಎಳೆದುಕೊಂಡು, ಜೋತಾಡು ಮಗನೇ ಎಂದು ಬೈದು ಕೂತೆ. ಅವತ್ತು ನನಗೆ ಆದ ಖುಷಿ ಸಣ್ಣದಲ್ಲ.

ಕಪ್ಪು ಕೋಟಿನ ಅಂಗಡಿಯವಳು ಮೊದಮೊದಲು ಬಂದು "ಏನಾದ್ರೂ ಸಹಾಯ ಬೇಕಾ?" ಎಂದು ಕೇಳುತ್ತಿದ್ದಳು. ಹನ್ನೊಂದು ವರ್ಷದಲ್ಲಿ ನನಗೆ ಇಲ್ಲಿನ ಭಾಷೆ ಜಗಳವಾಡುವಷ್ಟು ಬರುತ್ತದೆ. ಆದರೂ ಏನೂ ಅರ್ಥವಾಗದವಳ ನಗೆ ನಕ್ಕೆ. ಪರದೇಶಿಯಾಗಿರುವುದರಲ್ಲಿ ನೂರು ನಷ್ಟವಿದ್ದರೂ ಇದೊಂದು ಲಾಭವಿದೆ, ಬೇಕಾದಾಗ ಕಿವುಡಿಯಾಗಬಹುದು. ನನ್ನದೇ ಭಾಷೆಯಲ್ಲಿ ನನಗೆ ಆ ಸೌಕರ್ಯ ಎಂದೂ ಇರಲಿಲ್ಲ.

ಆದರೆ ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಆ ಕುರ್ಚಿಯಲ್ಲಿ ಕೂತಾಗಲೆಲ್ಲ ಅಮ್ಮ ನೆನಪಾಗುತ್ತಿದ್ದಳು. ಅಮ್ಮ ಸುಮ್ಮನೆ ಕೂತಿದ್ದನ್ನು ನಾನು ನೋಡಿಯೇ ಇಲ್ಲ. ಅಪ್ಪ ಹೋದ ಮೇಲೆ ಮನೆಯಲ್ಲಿ ಮೂರು ಮಕ್ಕಳು, ಹಾಸಿಗೆ ಹಿಡಿದ ಅಜ್ಜಿ, ಹಗಲೆಲ್ಲ ಊರವರ ಹೊಲಿಗೆ. ಅವಳು ಮನೆಯಿಂದ ಹೊರಗೆ ಹೋಗುತ್ತಿದ್ದದ್ದೇ ವಾರಕ್ಕೊಮ್ಮೆ, ಹಿಟ್ಟಿನ ಗಿರಣಿಗೆ. ಡಬ್ಬ ಸೊಂಟಕ್ಕೆ ಏರಿಸಿಕೊಂಡು ಸಂಜೆ ಹೋದರೆ ದೀಪ ಹಚ್ಚುವ ಹೊತ್ತು ಮೀರಿದರೂ ಪತ್ತೆಯಿಲ್ಲ. ತಮ್ಮ ತಂಗಿ ಹಸಿವೆಂದು ಅಳುತ್ತಿದ್ದರು. ಅಜ್ಜಿ ಒಳಗಿನಿಂದ ಕೂಗುತ್ತಿದ್ದಳು. ನಾನು ಹೊಸ್ತಿಲ ಮೇಲೆ ನಿಂತು ಹಲ್ಲು ಕಡಿಯುತ್ತಿದ್ದೆ. ಕೊನೆಗೆ ಹುಬ್ಬಿನ ಮೇಲೆಲ್ಲ ಹಿಟ್ಟು ಮೆತ್ತಿಕೊಂಡು ಬಂದು, "ಗಿರಣೀಲಿ ಕರೆಂಟ್ ಹೋಗಿತ್ತು" ಎನ್ನುತ್ತಿದ್ದಳು. ಒಮ್ಮೆ ನಾನು ತಲೆಯ ಮೇಲೆ ಉರಿಯುತ್ತಿದ್ದ ಬಲ್ಬು ತೋರಿಸಿ, "ಇಲ್ಲಿ ಇದೆಯಲ್ಲಮ್ಮ?" ಎಂದಿದ್ದೆ. "ಗಿರಣಿ ಲೈನೇ ಬೇರೆ" ಎಂದಳು. ನಾನು ಗಿರಣಿಯವನನ್ನು ಮನಸ್ಸಿನಲ್ಲೇ ಶಪಿಸಿದೆ. ನಮ್ಮಮ್ಮನನ್ನು ಅಷ್ಟು ಹೊತ್ತು ನಿಲ್ಲಿಸಿಕೊಳ್ಳುತ್ತಾನಲ್ಲ ಪಾಪಿ ಎಂದು. ಅಂಥವಳ ಮಗಳು ನಾನು, ಪ್ಲಾಸ್ಟಿಕ್ ಫೋನಿನ ಪಕ್ಕ ಕಾಲು ಚಾಚಿಕೊಂಡು ಕೂತಿದ್ದೇನೆ.

ಹೋದ ತಿಂಗಳು ಅಮ್ಮನ ಬಲಮಂಡಿ ಪೂರಾ ಕೈಕೊಟ್ಟಿತು. ಬದಲಾಯಿಸಲೇಬೇಕೆಂದರು ಡಾಕ್ಟರು. ಅಮ್ಮನಿಗೆ ಅರವತ್ತೆಂಟು, ಬಿಪಿ ಇದೆ, ಸಕ್ಕರೆ ಇದೆ, ಹೃದಯದ ಬಡಿತವೂ ಸ್ವಲ್ಪ ತಾಳ ತಪ್ಪುತ್ತದೆ. "ಸಾಮಾನ್ಯವಾಗಿ ಏನೂ ಆಗಲ್ಲ" ಎಂದಿದ್ದರಂತೆ. ಆಸ್ಪತ್ರೆಯಲ್ಲೇ ಅನ್ನ ತಿನ್ನುವ ನನಗೆ ಆ 'ಸಾಮಾನ್ಯವಾಗಿ' ಎಂಬ ಮಾತಿನ ತೂಕ ಗೊತ್ತು.

"ಮಂಗಳವಾರ ಇಲ್ಲಾ ಗುರುವಾರ ಅಂತ ಎರಡು ದಿನ ಕೊಟ್ರು ಅಕ್ಕಾ. ಅಮ್ಮ ಗುರುವಾರಾನೇ ಆಗ್ಲಿ ಅಂದ್ಳು" ಎಂದು ತಮ್ಮ ಹೇಳಿದ. ವಾರದಲ್ಲಿ ನಾನು ಸಿಗದ ಒಂದೇ ಒಂದು ದಿನವನ್ನು ಹುಡುಕಿ ಆರಿಸಿದ್ದಾಳೆ.

"ಅಮ್ಮನಿಗೆ ಕೊಡು" ಎಂದೆ. ಅಮ್ಮ ಬಂದಳು. "ಅವತ್ತು ರಜ ಕೇಳ್ತೀನಮ್ಮ" ಎಂದೆ.

"ಏನೂ ಬೇಡ. ನಿನ್ನ ಗುರುವಾರ ನಿನ್ನ ಗುರುವಾರದ ಹಾಗೇ ಇರ್ಲಿ" ಎಂದಳು.

ಆಗ ಬಾಯಿ ಬಿಡಬಹುದಿತ್ತು. ಗುರುವಾರ ನನಗೆ ರಜೆಯೇ ಅಮ್ಮ, ಬೆಳಿಗ್ಗೆಯಿಂದ ಸಂಜೆವರೆಗೆ ಫೋನು ಹಿಡಿದುಕೊಂಡು ಕೂರುತ್ತೇನೆ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಎರಡು ವರ್ಷದ ಸುಳ್ಳು ಬಯಲಾಗುತ್ತಿತ್ತು, ಅದು ಒಂದು ಕಾರಣ. ದೊಡ್ಡ ಕಾರಣ ಬೇರೆಯಿತ್ತು. ಬಯಲಾದ ಮೇಲೆ ನನಗೆ ಇನ್ನೊಂದು ಗುರುವಾರ ಇರುತ್ತಿರಲಿಲ್ಲ. ಅಮ್ಮನ ಆಪರೇಷನ್ ಒಂದು ಕಡೆ, ಅಂಗಡಿಯ ಕುರ್ಚಿ ಇನ್ನೊಂದು ಕಡೆ ಇಟ್ಟು ತೂಗಿದವಳು ನಾನು. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಆ ಗುರುವಾರ ನಿದ್ದೆ ಬರಲಿಲ್ಲ. ಆರಕ್ಕೇ ಎದ್ದೆ. ಎದ್ದವಳು ಹಾಸಿಗೆಯ ಚಾದರವನ್ನು ಆಸ್ಪತ್ರೆಯ ಹಾಗೆ ಎಳೆದು ನಾಲ್ಕು ಮೂಲೆ ಸಿಗಿಸಿದೆ. ಆಪರೇಷನ್ ಇದ್ದದ್ದು ಇಲ್ಲಿನ ಲೆಕ್ಕದಲ್ಲಿ ಒಂಬತ್ತಕ್ಕೆ, ಹನ್ನೊಂದಕ್ಕೆಲ್ಲ ಹೊರಗೆ ತರಬೇಕು. ಕೋಣೆಯಲ್ಲಿ ಕೂರಲಾಗಲಿಲ್ಲ, ಬಸ್ಸು ಹತ್ತಿದೆ. ಅಂಗಡಿಯ ಬಾಗಿಲು ತೆಗೆದಾಗ ಮೊದಲು ಒಳಗೆ ಹೋದವಳು ನಾನೇ. ಏಳನೆಯ ಕೋಣೆಯ ಕುರ್ಚಿಯಲ್ಲಿ ಶೂ ಬಿಚ್ಚದೆ, ಫೋನು ಮಡಿಲಲ್ಲಿಟ್ಟುಕೊಂಡು ಕೂತೆ.

ಕಣ್ಣ ಮುಂದೆ ಹಸಿರು ಬಟ್ಟೆ ಬರುತ್ತಿತ್ತು. ಆಪರೇಷನ್ ಕೋಣೆಯ ಬಟ್ಟೆ ನಮ್ಮಲ್ಲಿಗೆ ಬೇರೆ ಚೀಲದಲ್ಲಿ ಬರುತ್ತದೆ. ಅದನ್ನು ಬಿಚ್ಚಿ ನೋಡಿದವರಿಗೆ ಒಳಗೆ ಏನು ನಡೆದಿರಬಹುದೆಂದು ಹೇಳದೆಯೇ ಗೊತ್ತಾಗುತ್ತದೆ. ಹನ್ನೊಂದು ವರ್ಷ ಅವು ಯಾರದೋ ಬಟ್ಟೆಗಳಾಗಿದ್ದವು. ಅವತ್ತು ಪ್ರತಿಯೊಂದರ ಮೇಲೂ ಅಮ್ಮ ಮಲಗಿದ್ದಳು.

ಹನ್ನೊಂದಾಯಿತು. ಫೋನು ಬರಲಿಲ್ಲ. ಹನ್ನೊಂದೂವರೆ. ಹನ್ನೆರಡು. ವಾರವೆಲ್ಲ ಗ್ಯಾಸ್ ಪುಸ್ತಕಕ್ಕೆ, ಮೋಟಾರು ಆಫ್ ಮಾಡಲು ಮರೆತದ್ದಕ್ಕೆ, ಬೆಕ್ಕು ಹಾಲು ಚೆಲ್ಲಿದ್ದಕ್ಕೆ ಬಡಿದುಕೊಳ್ಳುವ ಫೋನು ಅವತ್ತು ಮೇಜಿನ ಮೇಲಿನ ಪ್ಲಾಸ್ಟಿಕ್ ಫೋನಿಗಿಂತ ಸುಮ್ಮನಿತ್ತು. ಯಾಕೆ ಮಾಡುತ್ತಾರೆ? ಅಕ್ಕನ ಫೋನು ಲಾಕರಿನಲ್ಲಿದೆ. ಈ ಮೌನವನ್ನು ನಾನೇ ಬೇಡಿ, ನಾನೇ ಕಟ್ಟಿ, ಎರಡು ವರ್ಷ ಜೋಪಾನ ಮಾಡಿದ್ದೆ. ಈಗ ಅದು ನನ್ನ ಕುತ್ತಿಗೆ ಹಿಸುಕುತ್ತಿತ್ತು. ನಾನಾಗಿ ಫೋನು ಮಾಡಿದರೆ ಕಥೆ ಮುಗಿಯಿತು. ಮಾಡದಿದ್ದರೆ ಅಮ್ಮ ಇದ್ದಾಳೋ ಇಲ್ಲವೋ ತಿಳಿಯುವುದಿಲ್ಲ.

ಒಂದು ಗಂಟೆಯವರೆಗೆ ತಡೆದೆ. ಆಮೇಲೆ, ಹಾಳಾಗಿ ಹೋಗಲಿ ನನ್ನ ಗುರುವಾರ ಎಂದು ತಮ್ಮನ ಹೆಸರು ಒತ್ತಿದೆ. ದಿನಾ ಸಂಜೆಯ ಅಭ್ಯಾಸಕ್ಕೆ ಒತ್ತಿದ್ದು ವಿಡಿಯೋ ಕಾಲಿನ ಗುಂಡಿ. ಅದು ತಿಳಿಯುವಷ್ಟರಲ್ಲಿ ತಮ್ಮನ ಮುಖ ಪರದೆಯ ತುಂಬ ಬಂದಿತ್ತು.

"ಅಕ್ಕಾ! ಎಲ್ಲ ಚೆನ್ನಾಗಾಯ್ತಕ್ಕ. ಎರಡು ಗಂಟೆ ಆಗ್ಲೇ ಆಯ್ತು ಹೊರಗೆ ತಂದು. ಮಾತಾಡ್ತಿದಾಳೆ. ನಿನ್ನ ಡ್ಯೂಟಿ ಮುಗಿದ್ಮೇಲೆ ಹೇಳೋಣ ಅಂತಿದ್ವಿ."

"ಸರಿ ಕಣೋ, ಸರಿ" ಎಂದು ಮೂರು ನಾಲ್ಕು ಸಲ ಹೇಳಿದೆ. ಅಷ್ಟರಲ್ಲಿ ಅವನ ಕಣ್ಣು ಕಿರಿದಾಯಿತು.

"ಅಕ್ಕಾ, ಇದ್ಯಾರ ಮನೆ?"

ಅವನ ಹೆಂಡತಿಯ ಮುಖ ಪಕ್ಕದಿಂದ ತೂರಿತು. "ಅಯ್ಯೋ ಅತ್ತಿಗೆ, ಎಷ್ಟು ಚೆನ್ನಾಗಿದೆ! ಕಿಟಕಿ ನೋಡ್ರೀ, ಏನು ಬೆಳಕು! ಒಂದೇ ರೂಮು, ಅಡುಗೆಮನೆ ಮೂರು ಜನ ಹಂಚ್ಕೋಬೇಕು ಅಂತಿದ್ರಿ." ಕೊನೆಯ ಮಾತಿಗೆ ಬರುವಾಗ ಅವಳ ದನಿ ಸಪ್ಪಗಾಗಿತ್ತು. ನಮಗೆಲ್ಲ ಕಷ್ಟ ಹೇಳಿಕೊಂಡು ಇವಳು ಅರಮನೆಯಲ್ಲಿದ್ದಾಳೆ ಎಂದು ಅವಳು ಯೋಚಿಸುತ್ತಿದ್ದದ್ದು ನನಗೆ ಇಲ್ಲಿಂದಲೇ ಕೇಳಿಸಿತು.

ಅದೇ ಗಳಿಗೆಗೆ ಗಿರಾಕಿ ಗಂಡ ಹೆಂಡತಿ ನನ್ನ ಹಿಂದೆ ಬಂದರು. ಹೆಂಡತಿ ಬೀರುವಿನ ಬಾಗಿಲು ತೆಗೆದು ತಲೆ ಒಳಗೆ ಹಾಕಿದಳು. ಗಂಡ ಜೇಬಿನಿಂದ ಟೇಪು ತೆಗೆದು ಮಂಚ ಅಳೆಯತೊಡಗಿದ.

"ಅಕ್ಕಾ, ಹಿಂದೆ ಯಾರೋ ಬೀರು ತೆಗೀತಿದಾರೆ! ಕಳ್ಳರು!" ಎಂದು ತಮ್ಮ ಅಲ್ಲಿ ಎದ್ದು ನಿಂತ.

"ಕಳ್ಳರಲ್ಲ ಕಣೋ" ಎಂದೆ. ಕಳ್ಳಿ ನಾನೊಬ್ಬಳೇ ಇದ್ದೆ.

"ಇವತ್ತು ಗುರುವಾರ ಅಲ್ವಾ?" ಎಂದಳು ತಮ್ಮನ ಹೆಂಡತಿ ನಿಧಾನವಾಗಿ. ಅವಳು ಮೊದಲಿಂದಲೂ ಅವನಿಗಿಂತ ಚುರುಕು.

"ಯಾರು, ಅವಳಾ? ಕೊಡಿ ಇಲ್ಲಿ" ಎಂಬ ಅಮ್ಮನ ದನಿ ಎಲ್ಲಿಂದಲೋ ಕೇಳಿತು. ಪರದೆಯಲ್ಲಿ ಗೋಡೆ, ಛಾವಣಿ, ಫ್ಯಾನು ಓಡಿ ಅಮ್ಮನ ಮುಖ ಬಂತು. ದಿಂಬಿನಲ್ಲಿ ಅರ್ಧ ಮುಳುಗಿದ್ದ ಮುಖ ಬಿಳಿಚಿಕೊಂಡಿತ್ತು, ತುಟಿ ಒಣಗಿತ್ತು. ಕಣ್ಣು ಮಾತ್ರ ಎಂದಿನ ಕಣ್ಣೇ. ಆ ಕಣ್ಣು ನನ್ನನ್ನು ನೋಡಿತು, ಕಿಟಕಿಯನ್ನು ನೋಡಿತು, ದೀಪದ ಕೊರಳಿನಲ್ಲಿ ತೂಗುತ್ತಿದ್ದ ಬೆಲೆಯ ಚೀಟಿಯನ್ನೂ ನೋಡಿತು.

"ನೀವಿಬ್ರೂ ಹೋಗಿ ನರ್ಸನ್ನ ಕರ್ಕೊಂಡು ಬನ್ನಿ. ಕಾಲು ಒಂಥರಾ ಆಗ್ತಿದೆ" ಎಂದಳು. ಅವರು ಓಡಿದರು. ಬಾಗಿಲು ಮುಚ್ಚಿದ ಸದ್ದಾದ ಮೇಲೆ ನನ್ನ ಕಡೆ ತಿರುಗಿ, "ಕಾಲಿಗೇನೂ ಆಗಿಲ್ಲ. ಹೇಳು" ಎಂದಳು.

"ಅಮ್ಮ, ಇದು ಅಂಗಡಿ" ಎಂದೆ. "ಗುರುವಾರ ನಂಗೆ ರಜ ಅಮ್ಮ. ಡಬಲ್ ಡ್ಯೂಟಿ ಎಲ್ಲ ಸುಳ್ಳು. ಎರಡು ವರ್ಷದಿಂದ ಸುಳ್ಳು."

"ಗೊತ್ತು."

"ಯಾವಾಗಿಂದ?"

"ಮೊದಲ್ನೇ ಶುಕ್ರವಾರದಿಂದ." ನಾಲಿಗೆಯಿಂದ ತುಟಿ ಒದ್ದೆ ಮಾಡಿಕೊಂಡಳು. "ಡಬಲ್ ಡ್ಯೂಟಿ ಮಾಡಿದೋಳ ದನಿ ಹಂಗಿರುತ್ತಾ? 'ಸಾಕಾಯ್ತಮ್ಮ' ಅಂತೀಯ, ದನಿ ನೋಡಿದ್ರೆ ತೊಳೆದಿಟ್ಟ ಹಾಗಿರುತ್ತೆ. ವಾರದಲ್ಲಿ ಅದೊಂದು ದಿನ ನನ್ನ ಮಗಳ ಹತ್ರ ಮಾತಾಡ್ದಂಗಾಗುತ್ತೆ. ಮಿಕ್ಕ ದಿನ ಆಸ್ಪತ್ರೆಗೆ ಫೋನ್ ಮಾಡ್ದಂಗೆ."

ನನಗೆ ನಗು ಬಂತು. ಅದರ ಹಿಂದೆಯೇ ಅಳುವೂ ಬಂತು. ಟೇಪಿನ ಗಂಡಸು ಒಮ್ಮೆ ನನ್ನ ಕಡೆ ನೋಡಿ, ಹೆಂಡತಿಯ ತೋಳು ಹಿಡಿದು ಎಂಟನೆಯ ಕೋಣೆಗೆ ಕರೆದುಕೊಂಡು ಹೋದ.

"ಗೊತ್ತಿದ್ದೂ ಇವತ್ತೇ ಯಾಕಮ್ಮ ಇಟ್ಕೊಂಡೆ?" ಎಂದೆ. ನಾಲ್ಕು ವಾರ ಹೊಟ್ಟೆಯಲ್ಲಿಟ್ಟುಕೊಂಡ ಸಿಟ್ಟು ಅದು. "ಬೆಳಿಗ್ಗೆಯಿಂದ ನಾನಿಲ್ಲಿ ಸತ್ತು ಬದುಕಿದೀನಿ."

"ಮಂಗಳವಾರ ಆಗಿದ್ರೆ ಇವರಿಬ್ರೂ ಗಂಟೆಗೆ ಹತ್ತು ಸಲ ನಿನ್ನ ತಲೆ ತಿಂತಿದ್ರು. ಡಾಕ್ಟ್ರು ಹೀಗಂದ್ರು, ರುಜು ಹಾಕ್ಲಾ ಬೇಡ್ವಾ ಅಂತ. ನೀನು ಆ ಬಿಸಿ ಬಟ್ಟೆ ಹಿಡ್ಕೊಂಡು, ನಿಂತ್ಕೊಂಡೇ ಅಳ್ತಿದ್ದೆ." ಉಸಿರು ಎಳೆದುಕೊಂಡಳು. "ಗುರುವಾರ ಆದ್ರೆ ಕೂತ್ಕೊಂಡಾದ್ರೂ ಇರ್ತೀಯಲ್ಲ ಅಂತ."

ನಾನು ತೋಳಿನಿಂದ ಕಣ್ಣೊರೆಸಿಕೊಂಡೆ.

"ಇವತ್ತು ಇವನೇ ರುಜು ಹಾಕ್ದ" ಎಂದಳು ಅಮ್ಮ. "ಮೂರು ಸಲ ಓದ್ದ. ಹಾಕ್ದ."

ಬಾಗಿಲ ಸದ್ದಾಯಿತು. ತಮ್ಮ ಏದುಸಿರು ಬಿಡುತ್ತ ಬಂದು, "ನರ್ಸ್ ಬರ್ತಿದಾರೆ. ಅಮ್ಮ, ಫೋನ್ ಇಡ್ಬೇಡ, ಅಕ್ಕನ್ನ ಒಂದು ಮಾತು ಕೇಳ್ಬೇಕು. ಅಕ್ಕಾ, ಹಾಗಾದ್ರೆ ಗುರುವಾರ ನೀನು…" ಎಂದು ಕೈ ಚಾಚಿದ.

ಅಮ್ಮ ಫೋನನ್ನು ಎದೆಗೆ ಒತ್ತಿಕೊಂಡಿರಬೇಕು, ಪರದೆ ಕಪ್ಪಾಯಿತು. ದನಿ ಮಾತ್ರ ಸ್ಪಷ್ಟವಾಗಿ ಕೇಳಿತು.

"ಆಮೇಲೆ ಕೇಳು. ಆಸ್ಪತ್ರೆಯೋರು ಮಂಚ ನೋಡ್ಕೊಂಡು ಬಾ ಅಂತ ಅವಳನ್ನ ಅಂಗಡಿಗೆ ಕಳಿಸಿದಾರೆ. ಡ್ಯೂಟಿ ಮೇಲಿದಾಳೆ. ಅಲ್ಲೀಗ ಕರೆಂಟ್ ಬೇರೆ ಹೋಗಿದೆಯಂತೆ, ಇಡ್ಬೇಕು."

"ಕರೆಂಟಾ? ಅಮ್ಮ, ಅಕ್ಕನ ಹಿಂದೆ ಅಷ್ಟು ಬೆಳಕಿತ್ತಲ್ಲ?"

"ಆ ಲೈನೇ ಬೇರೆ" ಎಂದಳು ಅಮ್ಮ. ಫೋನು ಇಟ್ಟಳು.

ನನಗೆ ನಲವತ್ತಾರು ವರ್ಷ. ಮೂವತ್ತೇಳು ವರ್ಷದಿಂದ ನಾನು ಒಬ್ಬ ಗಿರಣಿಯವನನ್ನು ಸುಮ್ಮನೆ ಶಪಿಸಿಕೊಂಡು ಬಂದಿದ್ದೆ. ಅಲ್ಲಿ ಕರೆಂಟು ಹೋಗಿರಲಿಲ್ಲ. ಬೀಸಿದ ಹಿಟ್ಟಿನ ಡಬ್ಬ ಪಕ್ಕಕ್ಕಿಟ್ಟುಕೊಂಡು, ಯಾವುದೋ ಮೂಟೆಗೆ ಒರಗಿ, ಮೂವತ್ತೊಂದು ವರ್ಷದ ಒಬ್ಬ ಹೆಂಗಸು ವಾರಕ್ಕೊಂದು ಸಂಜೆ ಸುಮ್ಮನೆ ಕೂತಿರುತ್ತಿದ್ದಳು. ಮನೆಯಲ್ಲಿ ಮಕ್ಕಳು ಹಸಿದಿರುವುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕೂರುತ್ತಿದ್ದಳು. ಆಮೇಲೆ ಎದ್ದು, ಡಬ್ಬ ಸೊಂಟಕ್ಕೇರಿಸಿ, ಮುಂದಿನ ಏಳು ದಿನಕ್ಕೆ ನಮ್ಮ ಹತ್ತಿರ ಬರುತ್ತಿದ್ದಳು. ಹೊಸ್ತಿಲ ಮೇಲೆ ಹಲ್ಲು ಕಡಿಯುತ್ತ ನಿಂತಿದ್ದ ಹುಡುಗಿಯನ್ನು ನೆನೆದು ನನಗೆ ಅಯ್ಯೋ ಅನಿಸಿತು. ಅಮ್ಮನನ್ನು ನೆನೆದು ಇನ್ನೂ ಹೆಚ್ಚು ಅನಿಸಿತು.

ಕಪ್ಪು ಕೋಟಿನವಳು ಬಂದು ನಿಂತಿದ್ದಳು. ನನ್ನ ಮುಖ ನೋಡಿ, "ಏನಾದ್ರೂ ಬೇಕಾ?" ಎಂದಳು. ಎರಡು ವರ್ಷದಲ್ಲಿ ಮೊದಲ ಸಲ ಅವಳ ಭಾಷೆಯಲ್ಲಿ ಸರಿಯಾಗಿ ಉತ್ತರ ಕೊಟ್ಟೆ.

"ನಮ್ಮಮ್ಮನಿಗೆ ಇವತ್ತು ಆಪರೇಷನ್ ಆಯ್ತು. ಚೆನ್ನಾಗಿದಾಳೆ. ಇನ್ನೊಂದು ಸ್ವಲ್ಪ ಹೊತ್ತು ಕೂತ್ಕೊಳ್ಲಾ?"

ಅವಳು ಆಶ್ಚರ್ಯದಿಂದ ನನ್ನನ್ನು ನೋಡಿ, ಆಗಲಿ ಎಂದು ತಲೆಯಾಡಿಸಿ ಹೋದಳು. ನಾನು ಶೂ ಬಿಚ್ಚಿ, ಕಾಲು ಚಾಚಿ ಕೂತೆ.